ಮೊದಲು ಗಾಡ್ಜಿಲ್ಲಾ ನೋಡಿ, ಆಮೇಲೆ ಉಳಿದದ್ದು

ಇತ್ತೀಚೆಗೆ ನೋಡಿದ ಸೈನ್ಸ್ ಫಿಕ್ಷನ್, ಹಾರರ್, ಫ್ಯಾಂಟಸಿ ಆಕ್ಷನ್ ಸಿನಿಮಾಗಳಲ್ಲಿ ಯಾವುದು ಚೆನ್ನಾಗಿದೆ, ಸುಮ್ನೆ ಗ್ರಾಫಿಕ್ಸ್ ತುಂಬಿದ್ದು ಬೇಡ ಅಂತ ಕೇಳಿದ್ದೀರಿ. ನಿಮಗೆ ಒಂದೇ ಒಂದು ಸಿನಿಮಾ ನೋಡಲು ಸಮಯ ಇದ್ದರೆ ‘ಗಾಡ್ಜಿಲ್ಲಾ ಮೈನಸ್ ಒನ್’ ನೋಡಿ. 2023ರ ಜಪಾನೀ ಸಿನಿಮಾ. ಗಾಡ್ಜಿಲ್ಲಾ ಅಂದರೆ ಸಮುದ್ರದಿಂದ ಎದ್ದು ಬರುವ ದೈತ್ಯ ಪ್ರಾಣಿ. ಹಾಲಿವುಡ್‌ನವರ ಗಾಡ್ಜಿಲ್ಲಾ ಬೇರೆ, ಇದೇ ಬೇರೆ.

ಕಥೆ ಶುರುವಾಗುವುದು 1945ರಲ್ಲಿ. ಶಿಕಿಶಿಮಾ ಅಂತ ಒಬ್ಬ ಹುಡುಗ, ಪೈಲಟ್. ವಿಮಾನ ಸಮೇತ ಶತ್ರುಗಳ ಹಡಗಿಗೆ ನುಗ್ಗಿ ಸಾಯಲು ಅವನನ್ನು ಕಳಿಸಿರುತ್ತಾರೆ. ಅವನಿಗೆ ಸಾಯಲು ಮನಸ್ಸಿಲ್ಲ. ವಿಮಾನ ಕೆಟ್ಟಿದೆ ಅಂತ ಸುಳ್ಳು ಹೇಳಿ ಒಂದು ದ್ವೀಪದಲ್ಲಿ ಇಳಿಯುತ್ತಾನೆ. ಮೆಕ್ಯಾನಿಕ್‌ಗಳು ಬಿಚ್ಚಿ ನೋಡಿದರೆ ಏನೂ ಕೆಟ್ಟಿಲ್ಲ. ಅದೇ ರಾತ್ರಿ ಗಾಡ್ಜಿಲ್ಲಾ ಬರುತ್ತದೆ. ವಿಮಾನದ ಗನ್ ಹಿಂದೆ ಹೋಗಿ ಕೂತರೂ ಗುಂಡು ಹಾರಿಸಲು ಅವನ ಕೈ ಬರುವುದಿಲ್ಲ. ಬೆಳಗಾದಾಗ ಸುತ್ತ ಮೆಕ್ಯಾನಿಕ್‌ಗಳ ಹೆಣ. ಊರಿಗೆ ಬಂದರೆ ಟೋಕಿಯೋ ಸುಟ್ಟು ಬೂದಿಯಾಗಿದೆ, ಅಪ್ಪ ಅಮ್ಮ ಇಲ್ಲ. ನಿಮ್ಮಂಥವರು ಸರಿಯಾಗಿ ಕೆಲಸ ಮಾಡಿದ್ದರೆ ನನ್ನ ಮಕ್ಕಳು ಉಳೀತಿದ್ರು ಅನ್ನೋ ಹಾಗೆ ಪಕ್ಕದ ಮನೆಯಾಕೆ ಬೈಯುತ್ತಾಳೆ.

ಅಲ್ಲಿಂದ ಮುಂದೆ ಗಾಡ್ಜಿಲ್ಲಾ ಎಷ್ಟು ದೊಡ್ಡದು ಅನ್ನುವುದು ನನಗೆ ಮುಖ್ಯ ಆಗಲೇ ಇಲ್ಲ. ಈ ಹುಡುಗ ತನ್ನನ್ನು ತಾನು ಕ್ಷಮಿಸಿಕೊಳ್ಳುತ್ತಾನಾ, ಅಷ್ಟೇ ನೋಡುತ್ತಾ ಕೂತಿದ್ದೆ. ಯುದ್ಧದಿಂದ ಜಪಾನ್ ಸೊನ್ನೆಗೆ ಬಂದು ನಿಂತಿತ್ತು, ಈಗ ಅದಕ್ಕಿಂತಲೂ ಕೆಳಗೆ. ಹೆಸರಿನಲ್ಲಿರುವ ಮೈನಸ್ ಅದು.

ಹೊಟ್ಟೆಪಾಡಿಗೆ ಶಿಕಿಶಿಮಾ ಯುದ್ಧ ಮುಗಿದ ಮೇಲೂ ಸಮುದ್ರದಲ್ಲಿ ಉಳಿದುಹೋದ ಮೈನ್‌ಗಳನ್ನು, ಅಂದರೆ ನೀರಿನಲ್ಲಿ ಇಟ್ಟ ಬಾಂಬ್‌ಗಳನ್ನು, ತೆಗೆಯುವ ಕೆಲಸಕ್ಕೆ ಸೇರುತ್ತಾನೆ. ಕಬ್ಬಿಣದ ಹಡಗು ಹತ್ತಿರ ಹೋದರೆ ಆ ಮೈನ್ ಸಿಡಿಯುತ್ತದೆ. ಅದಕ್ಕೇ ಇವರಿಗೆ ಸಿಗುವುದು ಹಳೆಯ ಮರದ ದೋಣಿ. ಆ ದೋಣಿಯ ಹಿಂದೆಯೇ ಗಾಡ್ಜಿಲ್ಲಾ ತಲೆ ಮಾತ್ರ ನೀರಿನ ಮೇಲಿಟ್ಟುಕೊಂಡು ಈಜಿ ಬರುವ ದೃಶ್ಯ ಇದೆಯಲ್ಲ, ಅದನ್ನು ನಾನು ಎರಡು ಸಲ ಹಿಂದಕ್ಕೆ ಹಾಕಿ ನೋಡಿದೆ. ನಮ್ಮಪ್ಪ ಇಂಥ ಸಿನಿಮಾ ಕಡೆ ತಿರುಗಿಯೂ ನೋಡುವವರಲ್ಲ. ನೀರು ಕುಡಿಯಲು ಎದ್ದು ಬಂದವರು ನಿಂತಲ್ಲೇ ನಿಂತು, ಆಮೇಲೆ ಕೂತು, ಕೊನೆವರೆಗೂ ನೋಡಿದರು.

ಇನ್ನೊಂದು ವಿಷಯ ಕೇಳಿ. ನಿರ್ದೇಶಕ ತಕಾಶಿ ಯಮಜಾಕಿ ಇದರ ಗ್ರಾಫಿಕ್ಸ್ ತಂಡವನ್ನೂ ತಾವೇ ನಡೆಸಿದರು. ತಂಡದಲ್ಲಿ ಇದ್ದದ್ದು ಸುಮಾರು 35 ಜನ, ಮಾಡಿದ್ದು 610 ಶಾಟ್. 2024ರಲ್ಲಿ ಅದಕ್ಕೆ ಆಸ್ಕರ್ ಬಂತು. 1954ರಲ್ಲಿ ಶುರುವಾದ ಗಾಡ್ಜಿಲ್ಲಾ ಸರಣಿಗೆ ಸಿಕ್ಕ ಮೊದಲ ಆಸ್ಕರ್ ಅದು. ದುಡ್ಡು ಸುರಿದರೆ ಮಾತ್ರ ಇಂಥ ಸಿನಿಮಾ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಾನು ಈಗ ಒಪ್ಪುವುದಿಲ್ಲ.

ಹಾರರ್ ಬೇಕು ಅಂದ್ರೆ ಮಮ್ಮೂಟ್ಟಿ ಅವರ ‘ಭ್ರಮಯುಗಂ’. 2024ರ ಮಲಯಾಳಂ ಸಿನಿಮಾ, ನಿರ್ದೇಶಕ ರಾಹುಲ್ ಸದಾಶಿವನ್. ಪೂರ್ತಿ ಕಪ್ಪು ಬಿಳುಪು. ತಪ್ಪಿಸಿಕೊಂಡು ಓಡುತ್ತಿರುವ ಹಾಡುಗಾರನೊಬ್ಬ ಕಾಡಿನ ನಡುವೆ ಹಾಳುಬಿದ್ದ ಮನೆಯೊಂದಕ್ಕೆ ಬರುತ್ತಾನೆ. ಯಜಮಾನ ಊಟ ಹಾಕುತ್ತಾನೆ, ಹಾಡು ಅನ್ನುತ್ತಾನೆ, ಒಂದು ದಿನ ದಾಳದ ಆಟಕ್ಕೂ ಕರೆಯುತ್ತಾನೆ. ಹಸಿದವನಿಗೆ ಅನ್ನ ಹಾಕಿದವನೇ ಅವನನ್ನು ಆಳಲು ಶುರು ಮಾಡುವುದು ಇದೆಯಲ್ಲ, ನನಗೆ ದೆವ್ವಕ್ಕಿಂತ ಜಾಸ್ತಿ ಭಯ ಹುಟ್ಟಿಸಿದ್ದು ಅದು. ಹೊರಗೆ ಮಳೆ ನಿಲ್ಲುವುದೇ ಇಲ್ಲ. ಮಮ್ಮೂಟ್ಟಿ ಊಟ ಮಾಡುವ ದೃಶ್ಯ ಒಂದೇ ಸಾಕು, ಆ ಮನುಷ್ಯ ಎಂಥವನು ಅಂತ ಗೊತ್ತಾಗಲು. ಸೋನಿ ಲಿವ್‌ನಲ್ಲಿ ಬಂದಿತ್ತು. ರಾತ್ರಿ ದೀಪ ಆರಿಸಿ ನೋಡಿ. ಫೋನಿನಲ್ಲಿ ಬೇಡ. ಕತ್ತಲೆಯಲ್ಲಿ ಏನಿದೆ ಅಂತ ಕಾಣುವುದೇ ಇಲ್ಲ.

ಫ್ಯಾಂಟಸಿ ಆಕ್ಷನ್‌ಗೆ ‘ಲೋಕಃ’ ಮೊದಲ ಭಾಗ. 2025ರ ಆಗಸ್ಟ್‌ನಲ್ಲಿ ಬಂತು. ಇದೂ ಮಲಯಾಳಂ, ಆದರೆ ಕಥೆ ನಡೆಯುವುದು ನಮ್ಮ ಬೆಂಗಳೂರಿನಲ್ಲಿ. ಕೇರಳದ ಹಳೆಯ ಕಥೆಯಲ್ಲಿ ಬರುವ ನೀಲಿ ಅನ್ನೋ ಯಕ್ಷಿಯನ್ನು ತಂದು ಬಾಡಿಗೆ ಫ್ಲಾಟ್‌ನಲ್ಲಿ ಇರುವ, ರಾತ್ರಿ ಕೆಲಸಕ್ಕೆ ಹೋಗುವ ಹುಡುಗಿಯನ್ನಾಗಿ ಮಾಡಿದ್ದಾರೆ. ಕಲ್ಯಾಣಿ ಪ್ರಿಯದರ್ಶನ್ ಹೆಚ್ಚು ಮಾತಾಡದೆ ಆ ಪಾತ್ರವನ್ನು ಹೊತ್ತು ನಡೆಸುತ್ತಾರೆ. ಬೆಂಗಳೂರಿನ ಹುಡುಗಿಯರ ಬಗ್ಗೆ ಇದ್ದ ಒಂದು ಮಾತಿಗೆ ಇಲ್ಲಿ ವಿರೋಧ ಬಂದಿತ್ತು. ಸಿನಿಮಾ ನಿರ್ಮಿಸಿದ ಸಂಸ್ಥೆಯವರು ಕ್ಷಮೆ ಕೇಳಿ ಅದನ್ನು ತೆಗೆಯುತ್ತೇವೆ ಅಂದರು. ಆ ವಿರೋಧ ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಆ ಕಾರಣಕ್ಕೆ ಸಿನಿಮಾ ಬಿಡಬೇಡಿ. ನೀಲಿ ಚಿಕ್ಕವಳಿದ್ದಾಗ ಏನಾಯಿತು ಅಂತ ತೋರಿಸುವ ಭಾಗ ಬಹಳ ಚೆನ್ನಾಗಿದೆ. ಕೊನೆಯ ಹೊಡೆದಾಟ ಸ್ವಲ್ಪ ಉದ್ದ ಆಯಿತು.

ಕನ್ನಡದಲ್ಲಿ ಏನೂ ಇಲ್ವಾ ಅಂತ ಕೇಳಬಹುದು. ಇದೆ. 2024ರ ಮಾರ್ಚ್‌ನಲ್ಲಿ ಬಂದ ‘ಬ್ಲಿಂಕ್’. ನಿರ್ದೇಶಕ ಶ್ರೀನಿಧಿ ಬೆಂಗಳೂರು, ನಾಯಕ ದೀಕ್ಷಿತ್ ಶೆಟ್ಟಿ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕೂ ಏನು ಸಂಬಂಧ ಅಂತ ನೀವೇ ನೋಡಿ. ಮೊದಲ ಸಲ ಗೊಂದಲ ಆಗುತ್ತದೆ, ಬಿಡಬೇಡಿ. ಎರಡನೇ ಸಲ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಕೊನೆಯದು ‘ಸಿನ್ನರ್ಸ್’. ರಯಾನ್ ಕೂಗ್ಲರ್ ನಿರ್ದೇಶನದ 2025ರ ಅಮೆರಿಕನ್ ಸಿನಿಮಾ. 1932ರ ಮಿಸಿಸಿಪಿ. ಅವಳಿ ಅಣ್ಣ ತಮ್ಮ ಊರಿಗೆ ವಾಪಸ್ ಬಂದು, ತಮ್ಮ ಕಪ್ಪು ಜನ ಹಾಡಿ ಕುಣಿಯಲಿ ಅಂತ ಒಂದು ಜಾಗ ತೆರೆಯುತ್ತಾರೆ. ಇಬ್ಬರ ಪಾತ್ರವೂ ಮೈಕಲ್ ಬಿ. ಜೋರ್ಡನ್ ಅವರದೇ. ಅಲ್ಲಿನ ಹಾಡು ಕೇಳಿಕೊಂಡು ರಕ್ತ ಹೀರುವವರು ಬಾಗಿಲಿಗೆ ಬರುತ್ತಾರೆ. ಒಳಗಿನವರು ಬಾ ಅನ್ನದೆ ಅವರು ಹೊಸಿಲು ದಾಟುವಂತಿಲ್ಲ. ಸ್ವಲ್ಪ ಹೊತ್ತಿನಲ್ಲೇ ಹೊರಗಿನಿಂದ ಕರೆಯುವವರು ಗುರುತಿನವರೇ ಆಗಿರುತ್ತಾರೆ. ನನಗೆ ತಕ್ಷಣ ‘ನಾಳೆ ಬಾ’ ನೆನಪಾಯಿತು. 90ರ ದಶಕದಲ್ಲಿ ಬಾಗಿಲ ಮೇಲೆಲ್ಲ ಬರೆಯುತ್ತಿದ್ದರಲ್ಲ, ಅದು. ಮನೆಯವರ ದನಿಯಲ್ಲೇ ದೆವ್ವ ಕರೆಯುತ್ತೆ, ಬಾಗಿಲು ತೆಗೆದರೆ ಮುಗೀತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ಎಲ್ಲಿಯ ಮಿಸಿಸಿಪಿ, ಎಲ್ಲಿಯ ನಮ್ಮ ಬೀದಿ, ಅದೇ ಭಯ. ರಕ್ತ ಜಾಸ್ತಿ ಇದೆ, ಮಕ್ಕಳನ್ನು ಕೂರಿಸಿಕೊಂಡು ನೋಡಬೇಡಿ.

ಇದನ್ನು ನೋಡುವಾಗ ಕೊನೆಯಲ್ಲಿ ಹೆಸರುಗಳು ಬರಲು ಶುರುವಾದ ತಕ್ಷಣ ಆಫ್ ಮಾಡಬೇಡಿ. ನಡುವೆ ಒಂದು ದೃಶ್ಯ ಇದೆ. ಅದರಲ್ಲಿ ಬಡ್ಡಿ ಗೈ ಬರುತ್ತಾರೆ. ನಿಜ ಜೀವನದಲ್ಲೂ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಸಂಗೀತ, ಹಾಡುವ, ಬಹಳ ವಯಸ್ಸಾದ ದೊಡ್ಡ ಕಲಾವಿದರು. ಇಡೀ ಸಿನಿಮಾದಲ್ಲಿ ನನ್ನ ಕಣ್ಣು ತುಂಬಿದ್ದು ಅಲ್ಲಿ.