ಒಂದು ಅಣು ಬದಲಾದರೆ ರಕ್ತಕಣ ಬಾಗುವುದೇಕೆ?

ಪ್ರಶ್ನೆ: ಅಕ್ಕನ ಮಗಳಿಗೆ ಸಿಕಲ್ ಸೆಲ್ ಕಾಯಿಲೆ ಇದೆ. ಹಿಮೋಗ್ಲೋಬಿನ್‌ನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿದೆ ಅಂತ ಡಾಕ್ಟರ್ ಹೇಳಿದರು. ಅಷ್ಟಕ್ಕೇ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆಯೇ? ನೀರು ಚೆನ್ನಾಗಿ ಕುಡಿಸಿ ಅಂತಲೂ ಅಂದರು. ಅದಕ್ಕೂ ಇದಕ್ಕೂ ಏನು ಸಂಬಂಧ?
– ಓದುಗರು, ಎಚ್.ಡಿ. ಕೋಟೆ

ಉತ್ತರ: ಸಂಬಂಧ ಇದೆ, ತುಂಬಾ ಇದೆ.

ಹಿಮೋಗ್ಲೋಬಿನ್ ಅಂದರೆ ಕೆಂಪು ರಕ್ತಕಣದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್, ಅಮೈನೋ ಆಮ್ಲಗಳನ್ನು ಮಣಿಗಳ ಹಾಗೆ ಪೋಣಿಸಿದ ಸರಪಳಿಗಳಿಂದ ಆದದ್ದು. ಅದರ ಬೀಟಾ ಅನ್ನುವ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕು, ಅದಕ್ಕೆ ನೀರೆಂದರೆ ಇಷ್ಟ. ಈ ಕಾಯಿಲೆಯಲ್ಲಿ ಅಲ್ಲಿ ವ್ಯಾಲೀನ್ ಇರುತ್ತದೆ. ಅದು ಎಣ್ಣೆಯ ಜಾತಿಯದು, ನೀರಿನಿಂದ ತಪ್ಪಿಸಿಕೊಳ್ಳಲು ನೋಡುತ್ತದೆ. (ಈ ಬದಲಾವಣೆಯನ್ನು 1950ರ ದಶಕದಲ್ಲಿ ಪತ್ತೆ ಹಚ್ಚಿದವರು ವರ್ನನ್ ಇಂಗ್ರಾಮ್.) ಆಮ್ಲಜನಕ ಹೊತ್ತಿರುವಾಗ ಏನೂ ಆಗುವುದಿಲ್ಲ. ಆಮ್ಲಜನಕ ಇಳಿಸಿದ ಮೇಲೆ ಹಿಮೋಗ್ಲೋಬಿನ್ ಆಕಾರ ಸ್ವಲ್ಪ ಬದಲಾಗುತ್ತದೆ, ಆಗ ಒಂದು ಅಣುವಿನ ವ್ಯಾಲೀನ್ ಪಕ್ಕದ ಅಣುವಿನ ಗುಳಿಯಲ್ಲಿ ಸರಿಯಾಗಿ ಕೂರುತ್ತದೆ. ಹೀಗೆ ಒಂದಕ್ಕೊಂದು ಅಂಟಿ ಎಳೆಯಾಗುತ್ತದೆ, 14 ಎಳೆ ಹುರಿಗೊಂಡು ಒಂದು ನಾರಾಗುತ್ತದೆ. ಒಂದು ಕೆಂಪು ರಕ್ತಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ, ಅಲ್ವಾ? ಒಂದೊಂದರ ಅಂಟು ಲೆಕ್ಕಕ್ಕಿಲ್ಲದಷ್ಟು ಸಣ್ಣದು, ಆದರೆ ಅಷ್ಟೂ ಸೇರಿ ಬಿರುಸಾದ ನಾರುಗಳಾದರೆ ಕಣದ ಪೊರೆಯನ್ನೇ ತಳ್ಳಿ ಬಾಗಿಸುತ್ತವೆ. ಬಾಗಿ ಬಿರುಸಾದ ಕಣ ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮಗುವಿನ ಕೈಕಾಲು ನೋವು ಅಲ್ಲಿಂದ ಶುರು.

ನನಗೆ ಬಹಳ ಮುಖ್ಯ ಅನ್ನಿಸುವ ವಿಷಯ ಇನ್ನೊಂದಿದೆ. ನಾರು ತಕ್ಷಣ ಹುಟ್ಟುವುದಿಲ್ಲ. ಮೊದಲು ಕೆಲವು ಅಣುಗಳ ಒಂದು ಗುಂಪು ಕೂಡಬೇಕು, ಅದು ಕಷ್ಟ, ಅಲ್ಲಿಯವರೆಗೆ ಎಲ್ಲ ಸುಮ್ನೆ ಇರುತ್ತದೆ. ಒಂದು ನಾರು ಹುಟ್ಟಿದರೆ ಅದರ ಮೈಮೇಲೇ ಇನ್ನಷ್ಟು ನಾರುಗಳು ಹುಟ್ಟುತ್ತವೆ, ಆಮೇಲೆ ತಡೆಯುವುದು ಕಷ್ಟ. ಮೊದಲ ನಾರು ಹುಟ್ಟುವುದರೊಳಗೆ ಕಣ ಸಣ್ಣ ನಾಳಗಳನ್ನು ದಾಟಿ ಶ್ವಾಸಕೋಶ ಸೇರಿದರೆ ಬಚಾವ್, ಅಲ್ಲಿ ಮತ್ತೆ ಆಮ್ಲಜನಕ ಸಿಗುತ್ತದೆ. ಈ ಕಾಯುವ ಹೊತ್ತು ಕಣದೊಳಗೆ ಹಿಮೋಗ್ಲೋಬಿನ್ ಎಷ್ಟು ದಟ್ಟವಾಗಿದೆ ಅನ್ನುವುದರ ಮೇಲೆ ನಿಂತಿದೆ, ಅದೂ ವಿಪರೀತವಾಗಿ: ದಟ್ಟಣೆ 10 ಪರ್ಸೆಂಟ್ ಏರಿದರೆ ಕಾಯುವ ಹೊತ್ತು ನಾಲ್ಕನೇ ಒಂದು ಭಾಗಕ್ಕೆ, ಕೆಲವೊಮ್ಮೆ ಇನ್ನೂ ಕಡಿಮೆಗೆ ಇಳಿಯುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಕಣವೂ ನೀರು ಕಳೆದುಕೊಂಡು ದಟ್ಟವಾಗುತ್ತದೆ. ಡಾಕ್ಟರ್ ನೀರು ಕುಡಿಸಿ ಅಂದಿದ್ದು ಇದಕ್ಕೇ.

ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಡುವುದೂ ಇದೇ ಲೆಕ್ಕದಲ್ಲಿ. ಅದು ಹೊಟ್ಟೆಯೊಳಗಿನ ಕೂಸಿಗೆ ಇರುವಂಥ ಹಿಮೋಗ್ಲೋಬಿನ್ ಅನ್ನು ಹೆಚ್ಚಿಸುತ್ತದೆ, ಆ ಹಿಮೋಗ್ಲೋಬಿನ್ ಈ ನಾರಿನೊಳಗೆ ಸೇರುವುದೇ ಇಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳು ಮಗುವಿಗೆ ತೊಂದರೆ ಕಾಣದೆ ಇರುವುದೂ ಅದರಿಂದಲೇ. ಮಾತ್ರೆಯ ಬಗ್ಗೆ ಡಾಕ್ಟರನ್ನೇ ಕೇಳಿ. ಮಗು ಶಾಲೆಗೆ ಹೋಗುವಾಗ ಬ್ಯಾಗಿನಲ್ಲಿ ನೀರಿನ ಬಾಟಲಿ ಮರೆಯಬೇಡಿ, ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.