ಕನ್ನಡ ಸುತ್ತೋಲೆಗೆ ಮಾತ್ರ ಎಐ ತಪ್ಪು ಉತ್ತರ ಕೊಡುತ್ತಿದ್ದರೆ
ನಿಮ್ಮ ಪೀಣ್ಯ ಕಚೇರಿಯ ಕಡತಗಳನ್ನು ಎಐಗೆ ಕೊಟ್ಟು ಪ್ರಶ್ನೆ ಕೇಳಿದಾಗ ಇಂಗ್ಲಿಷ್ ಕಡತಗಳಿಗೆ ಸರಿ ಉತ್ತರ, ಕನ್ನಡ ಸುತ್ತೋಲೆಗಳಿಗೆ ಮಾತ್ರ ಅವುಗಳಲ್ಲಿ ಇಲ್ಲದ ನಿಯಮ ಬರುತ್ತಿದೆ ಅಂದರೆ, ಬಹುಶಃ ಕಾರಣ ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟ್. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲ. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಲ್ಯಾಟಿನ್ ಅಕ್ಷರ. ಎಐಗೆ ಅರ್ಥವಾಗದಿದ್ದರೂ ಸುಮ್ಮನಿರದೆ ಊಹಿಸಿ ಬರೆದುಬಿಡುತ್ತದೆ.

ಮೊದಲು ಸುತ್ತೋಲೆಯ ಒಂದು ಸಾಲನ್ನು ನೋಟ್‌ಪ್ಯಾಡ್‌ಗೆ ಅಂಟಿಸಿ. ಚಿತ್ರವಿಚಿತ್ರ ಅಕ್ಷರ ಬಂದರೆ ಇದೇ ದೋಷ. ನುಡಿಯ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ. ನಮ್ಮಲ್ಲಿ ಕೆಟ್ಟಿದ್ದು ಅಲ್ಲೇ. ನೌಕರರ ಫೋನ್, ಆಧಾರ್ ಸಂಖ್ಯೆಗಳನ್ನು ದಯವಿಟ್ಟು ಅಳಿಸಿಯೇ ಅಪ್‌ಲೋಡ್ ಮಾಡಿ. ಸ್ಕ್ಯಾನ್ ಪ್ರತಿಗಳಾದರೆ ಓಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರಾಂಶ) ಬೇಕು. ಆಮೇಲೆ ಉತ್ತರ ಗೊತ್ತಿರುವ 10 ಪ್ರಶ್ನೆ ಹಾಕಿ, ಪ್ರತಿಯೊಂದಕ್ಕೂ ಸುತ್ತೋಲೆ ಸಂಖ್ಯೆ ಕೇಳಿ, ಮೂಲದೊಂದಿಗೆ ತಾಳೆ ನೋಡಿ.