ಪಾರ್ಕಿನ ಜಾಗದಲ್ಲಿ ಬಣವೆ ಇರಲಿ, ಬುನಾದಿ ಬೇಡ

ಬಾಗಲಕೋಟೆ ಜಿಲ್ಲೆ ಬೀಳಗಿ ತಾಲ್ಲೂಕಿನ ನಿವೃತ್ತ ಶಿಕ್ಷಕಿಯೊಬ್ಬರ ಪತ್ರದ ಸಾರ ಇದು: ‘ಊರಂಚಿನ ಹೊಲ ಎನ್‌ಎ (ಕೃಷಿಯೇತರ ಜಮೀನು) ಆಗಿ ನಾಲ್ಕು ಎಕರೆ ಲೇಔಟ್ ಆಯಿತು. ನಾವೂ ಅಲ್ಲಿ ಮನೆ ಕಟ್ಟಿಕೊಂಡೆವು. ಪ್ಲಾಟು ಮಾರುವಾಗ ನಕಾಶೆಯ ಒಂದು ಮೂಲೆಗೆ ಹಸಿರು ಬಣ್ಣ ಬಳಿದು ಪಾರ್ಕ್ ಅಂತ ತೋರಿಸಿದ್ದರು. ಈಗ ಅಲ್ಲಿ ಬಣವೆಗಳು ಎದ್ದಿವೆ. ಕೆಲವರು ಗುಡಿ ಕಟ್ಟೋಣ ಅಂತಾರೆ, ಕೆಲವರು ಸಮುದಾಯ ಭವನ ಅಂತಾರೆ. ನನಗೆ ಹುಲ್ಲುಹಾಸು, ಹೂಗಿಡ, ಸುತ್ತ ಬೇಲಿ ಬೇಕು. ಕಾಯ್ದೆ ಯಾರ ಕಡೆ ಇದೆ?’

ಅಕ್ಕೋರೇ, ನಮಸ್ಕಾರ. ಕಾಯ್ದೆ ನಿಮ್ಮ ಕಡೆಗೇ ಇದೆ. ಹುಲ್ಲುಹಾಸಿನ ವಿಷಯಕ್ಕೆ ಮಾತ್ರ ನಾನು ನಿಮ್ಮ ಕಡೆ ಇಲ್ಲ.

ಮೊದಲು ಕಾಯ್ದೆ ನೋಡೋಣ. ಹೊಲವನ್ನು ಪ್ಲಾಟು ಮಾಡಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಎನ್‌ಎ ಆಗಬೇಕು. ಆಮೇಲೆ ಲೇಔಟ್ ನಕಾಶೆಗೆ ಮಂಜೂರಿ ಬೇಕು. ಅದಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಮಂಜೂರಿ ಕೊಡುವಾಗ ಸಾಮಾನ್ಯವಾಗಿ ನೂರಕ್ಕೆ 10 ಭಾಗ ಪಾರ್ಕು ಮತ್ತು ಬಯಲಿಗೆ, 5 ಭಾಗ ನಾಗರಿಕ ಸೌಲಭ್ಯಕ್ಕೆ ಬಿಡಿಸುತ್ತಾರೆ. ನಿಮ್ಮ ನಾಲ್ಕು ಎಕರೆ ಅಂದರೆ 160 ಗುಂಟೆ. ಅದರಲ್ಲಿ 16 ಗುಂಟೆ ಪಾರ್ಕಿಗೆ, 8 ಗುಂಟೆ ಸೌಲಭ್ಯಕ್ಕೆ ಬರಬೇಕು. ಈ ಜಾಗವನ್ನು ಲೇಔಟ್ ಮಾಡಿದವರು ಪುಕ್ಕಟೆಯಾಗಿ ಪಂಚಾಯತಿಗೆ ಬರೆದುಕೊಡುತ್ತಾರೆ. ಬರೆದುಕೊಟ್ಟ ಮೇಲೆ ಅದು ಅವರದ್ದಲ್ಲ. ಪಂಚಾಯತಿಯೂ ಮನಸ್ಸಿಗೆ ಬಂದಂತೆ ಬಳಸುವ ಹಾಗಿಲ್ಲ.

ಸಮುದಾಯ ಭವನ ಬೇಕೆನ್ನುವವರಿಗೆ ಆ 8 ಗುಂಟೆ ತೋರಿಸಿ. ಅದನ್ನು ಬಿಟ್ಟಿದ್ದೇ ಅಂಥ ಕೆಲಸಕ್ಕೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಮಂಜೂರಾತಿ ನಡೆಯೋದಿಲ್ಲ ಅಂತ ಹೇಳಿತು. ಆಸ್ಪತ್ರೆಗೇ ಸಿಗದ ಜಾಗ ಮದುವೆ ಊಟಕ್ಕೆ ಸಿಗುತ್ತದೆಯೇ? ಗುಡಿಯ ಮಾತಂತೂ ಇನ್ನೂ ಸರಳ. ಸಾರ್ವಜನಿಕ ರಸ್ತೆ, ಪಾರ್ಕುಗಳಲ್ಲಿ ಅನಧಿಕೃತವಾಗಿ ಯಾವ ಧರ್ಮದ ಕಟ್ಟಡವೂ ಏಳಕೂಡದು ಅಂತ ಅದೇ ಕೋರ್ಟ್ 2009ರಲ್ಲಿ ಆದೇಶ ಮಾಡಿದೆ. ಇದನ್ನು ಊರಲ್ಲಿ ಹೇಳೋದು ಕಷ್ಟ ಅಂತ ಗೊತ್ತು. ನೀವು ಕಲಿಸಿದ ಹುಡುಗರೇ ಈಗ ಪಂಚಾಯತಿ ಮೆಂಬರ್ ಆಗಿರಬಹುದು. ನಿಮ್ಮ ಬಾಯಿಂದ ಬಂದರೆ ಕೇಳಿಯಾರು.

ಇನ್ನು ಬಣವೆ. ಇದು ನಮ್ಮ ಜಿಲ್ಲೆಗೆ ಹೊಸ ಜಗಳವಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರಕ್ಕೆ ಬಂದವರನ್ನು ಕೇಳಿ ನೋಡಿ. ಹಳೇ ಊರಲ್ಲಿ ಮನೆಗೊಂದು ಹಿತ್ತಲಿತ್ತು. ಊರ ಮಗ್ಗುಲಿಗೆ ಕಣ, ಬಣವೆ, ತಿಪ್ಪೆಗೆ ಜಾಗವಿತ್ತು. ಹೊಸ ಊರಲ್ಲಿ ಸಿಕ್ಕಿದ್ದು ನೇರ ರಸ್ತೆ, ಅಳೆದು ಕೊಟ್ಟ ಪ್ಲಾಟು. ಕಣಿಕೆ (ಜೋಳದ ದಂಟಿನ ಮೇವು) ಒಟ್ಟಲು ಜಾಗವಿಲ್ಲದೆ ಜನ ರಸ್ತೆಯ ಬದಿಗೇ ಒಟ್ಟಿದರು. ಅಧಿಕಾರಿಗಳಿಗೆ ಅದು ಅತಿಕ್ರಮಣವಾಗಿ ಕಂಡಿತು. ಎಮ್ಮೆ ಸಾಕಿದವನಿಗೆ ಬೇರೆ ದಾರಿ ಏನಿತ್ತು ಹೇಳಿ?

ನನ್ನ ಸಿಟ್ಟು ಇರೋದು ಇಲ್ಲೇ. 1966ರ ಭೂಕಂದಾಯ ನಿಯಮಗಳಲ್ಲಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗಾಯರಾಣ (ಗೋಮಾಳ) ಬಿಡಬೇಕು ಅಂತ ಬರೆದಿದೆ. ಲೇಔಟ್ ನಿಯಮಕ್ಕೆ ಬಂದರೆ ದನದ ಸುದ್ದಿಯೇ ಇಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಹಳ್ಳಿ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್. ಅಡುಗೆ ಜಾಗವೂ ಅದರೊಳಗೇ. ದನದ ಮನೆ, ಕುಳ್ಳು, ಮೇವು ಎಲ್ಲಿ ಅಂತ ಯಾರೂ ಕೇಳಿಲ್ಲ. ಹಳ್ಳಿಯ ಲೇಔಟಿಗೆ ಪೇಟೆಯ ಪಾರ್ಕಿನ ಲೆಕ್ಕ ಹಚ್ಚಿದರೆ ಹೀಗೇ ಆಗೋದು.

ಹಾಗಾಗಿ ಬಣವೆಯವರನ್ನು ಓಡಿಸಬೇಡಿ, ಅವರ ಜೊತೆ ಕೂತು ಮಾತಾಡಿ. ಬಣವೆ ಮಳೆಗಾಲ ಮುಗಿಯುವಷ್ಟರಲ್ಲಿ ಕರಗುತ್ತದೆ. ಗೋಡೆ ಹಾಗಲ್ಲ, ಒಮ್ಮೆ ಬುನಾದಿ ಬಿತ್ತೆಂದರೆ ಅದನ್ನು ಕೀಳಿಸಲು ವರ್ಷಗಟ್ಟಲೆ ಕೋರ್ಟು. ಒಂದು ಅಂಚಿನಲ್ಲಿ, ಮನೆಗಳಿಂದ ದೂರ, ಸುಗ್ಗಿಯಿಂದ ಇಂತಿಷ್ಟು ತಿಂಗಳು ಅಂತ ಗ್ರಾಮಸಭೆಯಲ್ಲಿ ಠರಾವು ಬರೆಸಿ. ಬೆಂಕಿಯ ಭಯ ಇರೋದರಿಂದ ದೂರದ ಮಾತು ಸುಮ್ನೆ ಹೇಳಿದ್ದಲ್ಲ. ಪಾರ್ಕಿನಲ್ಲಿ ಮೇವು ಒಟ್ಟಬಹುದು ಅಂತ ಯಾವ ಕಾಯ್ದೆಯೂ ಹೇಳೋದಿಲ್ಲ. ಇದು ಊರವರು ಹೊಂದಿಕೊಂಡು ಹೋಗುವ ಮಾತು, ಹಕ್ಕಲ್ಲ. ಠರಾವಿನಲ್ಲಿ ಅದನ್ನೂ ಬರೆಸಿ.

ಹುಲ್ಲುಹಾಸಿಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಮಳೆಯೂ ಆಗೋದಿಲ್ಲ. ಏಪ್ರಿಲ್‌ನಲ್ಲಿ ಕುಡಿಯುವ ನೀರಿಗೆ ಕೊಡ ಸಾಲು ಹಚ್ಚುವಾಗ ಹುಲ್ಲಿಗೆ ಪೈಪು ಹಿಡಿಯೋರು ಯಾರು? ಆಲಮಟ್ಟಿಯ ತೋಟ ಚಂದ ಇದೆ ನಿಜ, ಆದರೆ ಅದರ ಬಗಲಿಗೇ ಡ್ಯಾಮ್ ಇದೆಯಲ್ಲ! ನಿಮ್ಮಲ್ಲಿ ಬೇವು, ಹೊಂಗೆ, ಹುಣಸೆ, ಬನ್ನಿ ನೆಡಿ. ಯರಿ (ಕಪ್ಪು) ಮಣ್ಣಾದರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಸಸಿಯ ಬುಡಕ್ಕೆ ಕಣಿಕೆ ಮುಚ್ಚಿ. ಬಣವೆಯವರ ಹತ್ತಿರವೇ ಸಿಗುತ್ತದೆ. ಬೇಲಿ ಹಾಕಿ, ಮೊದಲ ಎರಡು ಮೂರು ವರ್ಷ ಆಡು ಕಾಯೋದೇ ದೊಡ್ಡ ಕೆಲಸ.

ಇದೆಲ್ಲಕ್ಕೂ ಮೊದಲು ಕಾಗದ ನೋಡಿ. ಮಾರುವಾಗ ತೋರಿಸಿದ ಬಣ್ಣದ ನಕಾಶೆಯನ್ನು ನಂಬಬೇಡಿ, ಮಂಜೂರಾದ ನಕಾಶೆಯ ನಕಲು ತೆಗೆಸಿ. ಪಾರ್ಕನ್ನು ಬರೆದುಕೊಟ್ಟ ಪತ್ರ ಪಂಚಾಯತಿಯಲ್ಲಿದೆಯೇ ಕೇಳಿ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಅರ್ಜಿಯೊಂದಕ್ಕೆ ಒಂದೇ ವಿಷಯ, 150 ಶಬ್ದದ ಮಿತಿ ಇದೆ. ನಿಮ್ಮ ಪತ್ರದಷ್ಟು ಉದ್ದ ಬರೆಯಬೇಡಿ!

ನಕಾಶೆ ಕೈಗೆ ಬಂದ ಮೇಲೆ ಒಂದು ಮಾತ್ರ ಕಣ್ಣಿಟ್ಟು ನೋಡಿ. ಹಳ್ಳ, ಬಂಡಿದಾರಿಯ ಬಿ ಖರಾಬನ್ನೇ (ಸಾಗುವಳಿಗೆ ಬಾರದ ಸಾರ್ವಜನಿಕ ಜಾಗವನ್ನೇ) ಪಾರ್ಕಿನ ಲೆಕ್ಕಕ್ಕೆ ಸೇರಿಸುವ ಚಾಲಾಕಿ ಕೆಲವು ಕಡೆ ನಡೆಯುತ್ತದೆ. ಆ ಖರಾಬು ಮೊದಲೇ ಸಾರ್ವಜನಿಕರದ್ದು, ಬಿಟ್ಟುಕೊಡಲು ಅದು ಲೇಔಟಿನವರ ಆಸ್ತಿಯಲ್ಲ. ಉತಾರದಲ್ಲಿ (ಪಹಣಿಯಲ್ಲಿ) ಖರಾಬು ಎಷ್ಟಿದೆ ಅಂತ ಬರೆದಿರುತ್ತದೆ, ತಾಳೆ ಹಾಕಿ. 16 ಗುಂಟೆಯಲ್ಲಿ ಹಳ್ಳ ಎಷ್ಟು ನುಂಗಿದೆ ಅಂತ ಗೊತ್ತಾದ ಕೂಡಲೇ ನಮಗೂ ಒಂದು ನಕಲು ಕಳಿಸಿ, ಮುಂದಿನ ಅರ್ಜಿ ಯಾರಿಗೆ ಹಾಕಬೇಕು ಅಂತ ಬರೆಯುತ್ತೇನೆ.

– ಸಂಪಾದಕ